ತೋಟದಲ್ಲಿ ಹಾಡು ಕೇಳೋಕೆ ಯಾವ ಪ್ಲೇಯರ್ ಒಳ್ಳೆಯದು?

ಫೋನಿನಲ್ಲೇ ಹಾಡು ಬರುವಾಗ ಬೇರೆ ಪ್ಲೇಯರ್ ಯಾಕೆ? ನಮ್ಮ ರಿಪೇರಿ ಅಂಗಡಿಗೆ ಬರುವವರು ಹೆಚ್ಚಾಗಿ ಕೇಳುವುದು ಇದನ್ನೇ. ಬೆಂಗಳೂರಿನವರಾಗಿದ್ದರೆ ಬೇಡ ಅಂತಲೇ ಹೇಳುತ್ತಿದ್ದೆ. 2001ರಲ್ಲಿ ಐಪಾಡ್ ಎಂಬ ಹಾಡಿನ ಪ್ಲೇಯರ್ ತಂದ ಆಪಲ್ ಕಂಪನಿಯೇ 2022ರಲ್ಲಿ ಅದನ್ನು ನಿಲ್ಲಿಸಿತು. ಆದರೆ ಕೊಡಗಿನ ಲೆಕ್ಕ ಬೇರೆ. ತೋಟದೊಳಗೆ ಇಳಿದರೆ ಎಷ್ಟೋ ಕಡೆ ಸಿಗ್ನಲ್ ಇಲ್ಲ. ಮಳೆ ಹಿಡಿದ ಮೇಲೆ ಮರ ಬಿದ್ದು ಲೈನ್ ಹೋಗುತ್ತದೆ, ಕರೆಂಟಿನ ಹಿಂದೆಯೇ ಟವರೂ ಹೋಗುತ್ತದೆ. ಆಗ ಫೋನಿನ ಚಾರ್ಜ್ ಅಗತ್ಯದ ಕರೆಗೆ ಉಳಿಯಬೇಕು, ಅಲ್ವಾ?

ಆ್ಯಪ್‌ನಲ್ಲಿ ಡೌನ್‌ಲೋಡ್ ಮಾಡಿಟ್ಟಿದ್ದೇನೆ ಅಂತ ಧೈರ್ಯವಾಗಿರಬೇಡಿ. ಸ್ಪಾಟಿಫೈ 30 ದಿನಕ್ಕೊಮ್ಮೆಯಾದರೂ ಇಂಟರ್ನೆಟ್‌ಗೆ ಬಾ ಅನ್ನುತ್ತದೆ. ಆ ಹಾಡುಗಳನ್ನು ಕಾಪಿ ಮಾಡಿ ಬೇರೆ ಪ್ಲೇಯರಿಗೆ ಹಾಕಲೂ ಆಗುವುದಿಲ್ಲ. ಪ್ಲೇಯರಿಗೆ ಬೇಕಾಗಿರುವುದು ನೀವು ಕೊಂಡ ಫೈಲು, ನಿಮ್ಮ ಸಿಡಿಯಿಂದ ತೆಗೆದದ್ದು, ಇಲ್ಲವೇ ನೀವೇ ರೆಕಾರ್ಡ್ ಮಾಡಿದ್ದು. ಐನ್‌ಮನೆಯಲ್ಲಿ, ಅಂದರೆ ಕೊಡವ ಕುಟುಂಬದ ಮೂಲಮನೆಯಲ್ಲಿ, ಹಿರಿಯರು ದುಡಿ ಎಂಬ ಸಣ್ಣ ಚರ್ಮವಾದ್ಯ ಹಿಡಿದು ಹಾಡಿದ್ದನ್ನು ಯಾವ ಆ್ಯಪೂ ತಂದುಕೊಡುವುದಿಲ್ಲ.

ಎಷ್ಟು ಜಿಬಿ ಬೇಕು ಅನ್ನುವುದು ದೊಡ್ಡ ಲೆಕ್ಕವಲ್ಲ. ಒಳ್ಳೆಯ ಗುಣಮಟ್ಟದ 320 ಕೆಬಿಪಿಎಸ್ ಎಂಪಿ3 ಫೈಲು ನಿಮಿಷಕ್ಕೆ ಸುಮಾರು 2.4 ಎಂಬಿ ತಿನ್ನುತ್ತದೆ. ಐದು ನಿಮಿಷದ ಹಾಡಿಗೆ 12 ಎಂಬಿ. 32 ಜಿಬಿ ಕಾರ್ಡಿನಲ್ಲಿ ಎರಡೂವರೆ ಸಾವಿರ ಹಾಡು ಹಿಡಿಯುತ್ತದೆ. ಹಾಡಿನ ಗುಣಮಟ್ಟ ಸ್ವಲ್ಪವೂ ಕಳೆಯದ ಫ್ಲ್ಯಾಕ್ ಫೈಲಾದರೆ ಎರಡು ಪಟ್ಟಿಗೂ ಜಾಸ್ತಿ ಜಾಗ ಬೇಕು. ಹಂಚಿನ ಮೇಲೆ ಮಳೆ ಸುರಿಯುವಾಗ ಎರಡರ ವ್ಯತ್ಯಾಸ ಕಂಡುಹಿಡಿಯುವವರನ್ನು ನಾನಂತೂ ನೋಡಿಲ್ಲ.

ಜನ ಮೋಸ ಹೋಗುವುದು ಕಾರ್ಡಿನಲ್ಲಿ. ಅಗ್ಗದ ಪ್ಲೇಯರುಗಳಲ್ಲಿ ಬಹಳಷ್ಟು 32 ಜಿಬಿ ದಾಟಿದ ಕಾರ್ಡನ್ನು ಓದುವುದಿಲ್ಲ. 64 ಜಿಬಿಯಿಂದ ಮೇಲಿನವು ಎಕ್ಸ್‌ಫ್ಯಾಟ್ ಎಂಬ ಫಾರ್ಮ್ಯಾಟ್‌ನಲ್ಲಿ ಬರುತ್ತವೆ, ಈ ಅಗ್ಗದ ಪ್ಲೇಯರುಗಳಿಗೆ ಗೊತ್ತಿರುವುದು ಹಳೆಯ ಫ್ಯಾಟ್32 ಫಾರ್ಮ್ಯಾಟ್ ಮಾತ್ರ. ಕೊಳ್ಳುವ ಮೊದಲು ಡಬ್ಬಿಯ ಹಿಂದೆ ಓದಿ. ಇನ್ನು, 512 ಜಿಬಿ ಕಾರ್ಡ್ ಇನ್ನೂರು ಮುನ್ನೂರು ರೂಪಾಯಿಗೆ ಸಿಕ್ಕಿತು ಎಂದರೆ ಅದು ಸುಳ್ಳು ಕಾರ್ಡು. ಒಳಗೆ 8 ಅಥವಾ 16 ಜಿಬಿ ಚಿಪ್ ಇಟ್ಟು, ಕಂಪ್ಯೂಟರಿಗೆ 512 ಅಂತ ತೋರಿಸುವ ಹಾಗೆ ಮಾಡಿರುತ್ತಾರೆ. ಮೊದಲು ಎಲ್ಲ ಚೆನ್ನಾಗಿಯೇ ಇರುತ್ತದೆ. ನಿಜವಾದ ಜಾಗ ತುಂಬಿದ ಮೇಲೆ ಹಾಡಿನ ಹೆಸರು ಕಾಣುತ್ತದೆ, ಹಾಡು ಬರುವುದಿಲ್ಲ. ಎಚ್‌2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ಸಾಫ್ಟ್‌ವೇರ್ ಇಡೀ ಕಾರ್ಡಿಗೆ ಬರೆದು, ಮತ್ತೆ ಓದಿ ನೋಡುತ್ತದೆ. ಹೊಸ ಕಾರ್ಡನ್ನು ಅದಕ್ಕೆ ಹಾಕದೆ ಮದುವೆ ರೆಕಾರ್ಡಿಂಗ್ ತುಂಬಿಸಬೇಡಿ.

ನೀರು ಎಷ್ಟು ತಡೆಯುತ್ತದೆ ಅಂತ ಹೇಳುವ ಐಪಿಎಕ್ಸ್ ಅಂಕಿಗಳನ್ನೂ ಸರಿಯಾಗಿ ಓದಿಕೊಳ್ಳಬೇಕು. ಐಪಿಎಕ್ಸ್4 ಎಂದರೆ ಎಲ್ಲ ಕಡೆಯಿಂದ ಎರಚಿದ ನೀರು ತಡೆಯುತ್ತದೆ. ಐಪಿಎಕ್ಸ್7 ಎಂದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ. ಆದರೆ ಮಡಿಕೇರಿ ಕಡೆಯ ತೊಂದರೆ ತಿಂಗಳುಗಟ್ಟಲೆ ಬಿಡದ ಥಂಡಿ ಗಾಳಿ. ಆ ತೇವಕ್ಕೆ ಈ ಪರೀಕ್ಷೆ ಮಾಡಿರುವುದಿಲ್ಲ. ಚಾರ್ಜಿಂಗ್ ಪೋರ್ಟಿನೊಳಗೆ ತೇವ ಕೂತಿರುವಾಗಲೇ ಚಾರ್ಜರ್ ಚುಚ್ಚಿದರೆ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ಆಗಸ್ಟ್‌ನಲ್ಲಿ ನನ್ನ ಮೇಜಿಗೆ ಬರುವ ಪ್ಲೇಯರುಗಳಲ್ಲಿ ಹೆಚ್ಚಿನವುದರ ಕಾಯಿಲೆ ಇದೇ. ಒಣಗಲಿ ಅಂತ ಒಲೆಯ ಮೇಲಿನ ಅಟ್ಟದಲ್ಲಿ ಇಡುವವರಿದ್ದಾರೆ. ಏಲಕ್ಕಿಗೆ ಅದು ಸರಿ, ಲಿಥಿಯಂ ಬ್ಯಾಟರಿಗೆ ಆ ಬಿಸಿ ಆಗುವುದಿಲ್ಲ. ಅಕ್ಕಿಯಲ್ಲೂ ಹೂಳಬೇಡಿ, ಅದರ ಹುಡಿ ಪೋರ್ಟಿಗೆ ಹೋಗುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ಅದರೊಳಗೆ ನಾಲ್ಕು ಸಿಲಿಕಾ ಜೆಲ್ ಪೊಟ್ಟಣ ಸಾಕು. ತುಂಬ ದಿನ ಬಳಸುವುದಿಲ್ಲವಾದರೆ ಅರ್ಧ ಚಾರ್ಜ್ ಮಾಡಿಡಿ. ಪೂರ್ತಿ ಖಾಲಿಯಾಗಿಟ್ಟ ಬ್ಯಾಟರಿ ಮತ್ತೆ ಏಳದೇ ಹೋಗಬಹುದು.

ಇಯರ್‌ಫೋನಿನ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಆನೆ ಓಡಾಡುವ ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆಯವರು ತೋಟದಲ್ಲಿ ನಾಯ್ಸ್ ಕ್ಯಾನ್ಸಲಿಂಗ್, ಅಂದರೆ ಹೊರಗಿನ ಸದ್ದನ್ನು ಅಳಿಸುವ ಇಯರ್‌ಫೋನ್, ಹಾಕಿಕೊಳ್ಳುತ್ತೇವೆ ಎಂದರೆ ಬೇಡವೇ ಬೇಡ ಅನ್ನುತ್ತೇನೆ. ಆನೆ ಅಷ್ಟು ದೊಡ್ಡದಾದರೂ ಸದ್ದಿಲ್ಲದೆ ನಡೆಯುತ್ತದೆ. ನಮಗೆ ಸಿಗುವ ಸೂಚನೆ ಕೊಂಬೆ ಮುರಿದದ್ದು, ನಾಯಿ ಬೊಗಳಿದ್ದು, ಪಕ್ಕದ ಲೈನ್ ಮನೆಯ ಕೆಲಸಗಾರರು ಕೂಗಿದ್ದು. ಅದು ಕೇಳಿಸಬೇಕು. ಒಂದೇ ಕಿವಿಗೆ ಹಾಕಿ, ಇಲ್ಲವೇ ಕಿವಿ ಮುಚ್ಚದ ಓಪನ್ ಇಯರ್ ಮಾದರಿ ಕೊಳ್ಳಿ. ಕ್ಯಾನ್ಸಲಿಂಗ್ ಸಾರ್ಥಕವಾಗುವುದು ಮೈಸೂರು ಬಸ್ಸಿನಲ್ಲಿ. ಎಂಜಿನ್ನಿನ ಒಂದೇ ಸಮನೆ ಬರುವ ಗುಂಯ್ ಸದ್ದನ್ನು ಅದು ಚೆನ್ನಾಗಿ ಅಳಿಸುತ್ತದೆ. ಮಳೆಯ ಪಟಪಟ ಸದ್ದಿಗೆ ಅಷ್ಟೊಂದು ಕೆಲಸ ಮಾಡುವುದಿಲ್ಲ. ಅಲ್ಲಿ ಕಿವಿಗೆ ಸರಿಯಾಗಿ ಕೂರುವ ರಬ್ಬರ್ ಟಿಪ್ಪೇ ಹೆಚ್ಚು ಉಪಯೋಗ.

ವೈರಿನ ಇಯರ್‌ಫೋನನ್ನು ಎಸೆಯಬೇಡಿ. 16ರಿಂದ 32 ಓಮ್‌ (ವಿದ್ಯುತ್ ತಡೆಯ ಅಳತೆ) ಇರುವುದು ಸಣ್ಣ ಪ್ಲೇಯರಿಗೆ ಸಾಕು. ಫೋನಿಗೆ ಟೈಪ್ ಸಿ ಅಡಾಪ್ಟರ್ ಕೊಳ್ಳುವಾಗ ಒಳಗೆ ಡ್ಯಾಕ್ ಚಿಪ್, ಅಂದರೆ ಡಿಜಿಟಲ್ ಹಾಡನ್ನು ಇಯರ್‌ಫೋನಿಗೆ ಬೇಕಾದ ಸಿಗ್ನಲ್ ಆಗಿ ಬದಲಿಸುವ ಚಿಪ್, ಇದೆಯಾ ಅಂತ ಕೇಳಿ. ಇಲ್ಲದ್ದು ಕೆಲವು ಫೋನುಗಳಲ್ಲಿ ಸುಮ್ನೆ ಕೂರುತ್ತದೆ. ಎಫ್‌ಎಂ ಇರುವ ಪ್ಲೇಯರಿನಲ್ಲಿ ಸಾಮಾನ್ಯವಾಗಿ ಆ ವೈರೇ ಆಂಟೆನಾ. ಟವರ್ ಸತ್ತ ದಿನವೂ ಮಡಿಕೇರಿ ಆಕಾಶವಾಣಿ 103.1ರಲ್ಲಿ ಸಿಕ್ಕರೆ ಸುದ್ದಿ ಕೇಳಬಹುದು. ಹೀಗಾಗಿ ಎರಡು ಪ್ಲೇಯರ್ ಒಂದೇ ಬೆಲೆಗೆ ಸಿಗುತ್ತಿದ್ದರೆ ನಾನು ಎಫ್‌ಎಂ ಇರುವುದನ್ನೇ ಕೊಡುತ್ತೇನೆ.

ಕೊನೆಗೆ ಬ್ಯಾಟರಿ ಬದಲಿಸಲು ಬರುತ್ತದಾ ಅಂತ ವಿಚಾರಿಸಿ. ಪ್ಲೇಯರಿನದನ್ನು ಅಳತೆಯ ಸೆಲ್ ಸಿಕ್ಕರೆ ಹಾಕಿಕೊಡಬಹುದು. ವೈರಿಲ್ಲದ ಸಣ್ಣ ಇಯರ್‌ಬಡ್‌ಗಳನ್ನು ಹೆಚ್ಚಾಗಿ ಅಂಟು ಹಾಕಿ ಮುಚ್ಚಿರುತ್ತಾರೆ. ಬಿಚ್ಚಿದರೆ ಮತ್ತೆ ಮೊದಲಿನಂತೆ ಕೂರುವುದಿಲ್ಲ, ನೀರೂ ತಡೆಯುವುದಿಲ್ಲ.