ಹೆಗಲ ಗಂಟಿಗೆ ಸೂಜಿ: ಔಷಧಿಗಿಂತ ಕೈ ಮುಖ್ಯ

ದಿನವಿಡೀ ಲ್ಯಾಪ್‌ಟಾಪ್‌ಗೆ ಬಗ್ಗಿ ಕೂತು, ಸಂಜೆ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಬೈಕ್ ಹಿಡಿದು ನಿಲ್ಲುವವರ ಕುತ್ತಿಗೆ ನೋವು ಎಷ್ಟೋ ಸಲ ಮೂಳೆಯದ್ದಲ್ಲ, ಸ್ನಾಯುವಿನದ್ದು. ಕುತ್ತಿಗೆಯಿಂದ ಹೆಗಲಿಗೆ ಇಳಿಯುವ ಟ್ರಪೀಜಿಯಸ್ ಸ್ನಾಯುವನ್ನು ಹಿಡಿದು ನೋಡಿದರೆ ಹುರಿಯಂಥ ಬಿಗಿ ಎಳೆಯೊಂದು ಬೆರಳಿಗೆ ತಾಗುತ್ತದೆ. ಅದರಲ್ಲೊಂದು ಜಾಗ ಒತ್ತಿದಾಗ ನೋವು ಕಿವಿಯ ಹಿಂದಿನಿಂದ ಕಣತಲೆಗೆ ಹತ್ತಿ, ರೋಗಿ ‘ಡಾಕ್ಟ್ರೇ, ಇದೇ ನೋವು’ ಎಂದರೆ ಅದು ಟ್ರಿಗರ್ ಪಾಯಿಂಟ್, ಅಂದರೆ ನೋವಿನ ಗಂಟು. ಮಾಮೂಲಿ ಎಂಆರ್‌ಐನಲ್ಲಿ ಇದು ಕಾಣದು.

ಶಾಖ, ವ್ಯಾಯಾಮ, ಫಿಸಿಯೋಥೆರಪಿಯಿಂದ ಕೆಲವು ವಾರಗಳಲ್ಲಿ ಬಗ್ಗದಿದ್ದರೆ ಇಂಜೆಕ್ಷನ್. ಸೂಜಿಗೆ ತಲೆಸುತ್ತು ಬರುವವರಿರುತ್ತಾರೆ, ಹಾಗಾಗಿ ಮಲಗಿಸಿಯೇ ಕೊಡಬೇಕು. 25 ಗೇಜಿನ ಒಂದೂವರೆ ಇಂಚಿನ ಸೂಜಿ, ಅಡ್ರಿನಲಿನ್ ಬೆರೆಸದ 1% ಲಿಗ್ನೊಕೇನ್ (ಆ ಜಾಗವನ್ನು ಮರಗಟ್ಟಿಸುವ ಔಷಧಿ), ಒಂದು ಜಾಗಕ್ಕೆ ಅರ್ಧದಿಂದ 1 ಮಿ.ಲೀ. ಸಾಕು. ಸೂಜಿ ಬಿಗಿ ಎಳೆಗೆ ತಾಗಿದ ಕ್ಷಣ ಸ್ನಾಯು ಪಟ್ಟನೆ ಅದುರುತ್ತದೆ. ಸರಿಯಾದ ಜಾಗ ಸಿಕ್ಕಿದ್ದಕ್ಕೆ ಅದೇ ಒಳ್ಳೆಯ ಗುರುತು. ಆಮೇಲೆ ಸೂಜಿಯನ್ನು ಚರ್ಮದಡಿಯವರೆಗೆ ಹಿಂದೆಳೆದು, ದಿಕ್ಕು ಬದಲಿಸಿ ಮತ್ತೆ ಒಳಗೆ ಬಿಡುತ್ತಾರೆ. ಔಷಧಿಯೇ ಇಲ್ಲದ ಬರೀ ಸೂಜಿಯಿಂದಲೂ ಗಂಟು ಸಡಿಲವಾಗುತ್ತದೆ. ಲಿಗ್ನೊಕೇನ್ ಹಾಕುವುದು ಮುಖ್ಯವಾಗಿ ಚುಚ್ಚಿದ ನೋವು ಕಡಿಮೆಯಾಗಲೆಂದು. ಸ್ಟೀರಾಯ್ಡ್ ಸೇರಿಸಿ ಎಂದು ಕೇಳಿಕೊಂಡು ಬರುವವರಿದ್ದಾರೆ, ಇಲ್ಲಿ ಅದರ ಅಗತ್ಯವಿಲ್ಲ. ಮಧುಮೇಹಿಗಳಿಗೆ ಸಕ್ಕರೆ ಏರುವ ಕಾಟ ಬೇರೆ.

ನಿಜವಾದ ಅಪಾಯ ಸೂಜಿ ಶ್ವಾಸಕೋಶಕ್ಕೆ ಚುಚ್ಚುವುದು. ಅದರ ತುದಿ ಕೊರಳೆಲುಬಿಗಿಂತ ಮೇಲಕ್ಕೇ ಇರುತ್ತದೆ. ಆದ್ದರಿಂದ ಟ್ರಪೀಜಿಯಸ್ಸನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಮೇಲೆತ್ತಿ, ಆ ಹಿಡಿಯೊಳಗಷ್ಟೇ ಸೂಜಿ ಆಡಿಸಬೇಕು. ಎದೆಗೂಡಿನತ್ತ ಮುಖ ಮಾಡಲೇಬಾರದು. ಔಷಧಿ ಬಿಡುವ ಮುನ್ನ ಸಿರಿಂಜ್ ಹಿಂದೆಳೆದು ರಕ್ತವಾಗಲಿ ಗಾಳಿಯಾಗಲಿ ಬರುತ್ತಿಲ್ಲವೆಂದು ನೋಡಬೇಕು. ಮನೆಗೆ ಹೋದ ಮೇಲೆ ಎದೆ ಚುಚ್ಚಿ ಉಸಿರು ಕಟ್ಟಿದಂತಾದರೆ ತಡಮಾಡದೆ ಎಮರ್ಜೆನ್ಸಿಗೆ ಹೋಗಿ, ಎಲ್ಲಿ ಚುಚ್ಚಿಸಿಕೊಂಡಿರೆಂದು ಹೇಳಿ, ಎಕ್ಸ್-ರೇ ತೆಗೆಸಿಕೊಳ್ಳಿ.

ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ತಿಳಿಸಿ. ಕೈ ಜೋಮು, ಹಿಡಿತ ಸಡಿಲ, ನಡಿಗೆಯಲ್ಲಿ ತೂರಾಟ, ಜ್ವರ ಇದ್ದರೆ ಈ ಇಂಜೆಕ್ಷನ್‌ನ ಮಾತೇ ಬೇಡ, ಕಾರಣ ಹುಡುಕಬೇಕು. ಎಡ ಹೆಗಲ ನೋವಿನ ಜೊತೆ ಎದೆ ಬಿಗಿತ, ಬೆವರು ಇದ್ದರೆ ಜಯದೇವವೋ ಹತ್ತಿರದ ಆಸ್ಪತ್ರೆಯೋ, ಮೊದಲು ಇಸಿಜಿ.

ಒಂದೆರಡು ದಿನ ಚುಚ್ಚಿದ ಕಡೆ ನೋವಿರುತ್ತದೆ. ಬಿಸಿ ಶಾಖ, ಬೇಕಾದರೆ ಪ್ಯಾರಾಸಿಟಮಾಲ್ ಸಾಕು. ಕುತ್ತಿಗೆಗೆ ಕಾಲರ್ ಪಟ್ಟಿ ಹಾಕಿಕೊಂಡು ಕೂರಬೇಡಿ. ಅಂದಿನಿಂದಲೇ ತಲೆಯನ್ನು ನೋವಿಲ್ಲದ ಕಡೆಯ ಭುಜದತ್ತ ನಿಧಾನ ಬಾಗಿಸಿ 20-30 ಸೆಕೆಂಡ್ ಹಿಡಿಯಿರಿ, ದಿನಕ್ಕೆ ಮೂರ್ನಾಲ್ಕು ಸಲ. ಲ್ಯಾಪ್‌ಟಾಪ್ ಪರದೆ ಕಣ್ಣಿನ ಮಟ್ಟಕ್ಕೆ ಏರಲಿ. ಎರಡು ಮೂರು ಸಲ ಕೊಟ್ಟ ಮೇಲೂ ನೋವು ಮರಳುತ್ತಿದ್ದರೆ ನಾಲ್ಕನೆಯದಕ್ಕೆ ಕೈ ಹಾಕದೆ, ರೋಗಿಯನ್ನು ಮತ್ತೆ ಮೊದಲಿಂದ ಪರೀಕ್ಷಿಸಬೇಕು.