ಮೂರು ಕಿಲೋ ಕಂಬಳಿ, ದಾರದ ಎಳೆತ ಎಷ್ಟು?

ಶಿರಸಿ ಕಡೆ ಮಳೆಗಾಲದಲ್ಲಿ ಒದ್ದೆ ಕಂಬಳಿ ಕೊಪ್ಪೆ ಎಷ್ಟು ಭಾರ ಅಂತ ಹೊತ್ತವರಿಗೆ ಗೊತ್ತು. ಮೂರು ಕಿಲೋ ಅಂದುಕೊಳ್ಳಿ. ಜಗುಲಿಯ ಗೋಡೆಯಲ್ಲಿ ಎರಡು ಗೂಟ, ನಡುವೆ 80 ಸೆಂ.ಮೀ. ಅಷ್ಟೇ ಉದ್ದದ ರಬ್ಬರ್ ದಾರವನ್ನು ಎಳೆಯದೆ ಸುಮ್ನೆ ಕಟ್ಟಿದೆ. ಸರಿಯಾಗಿ ಮಧ್ಯಕ್ಕೆ ಕೊಪ್ಪೆ ತೂಗುಹಾಕಿದರೆ ಆ ಜಾಗ 30 ಸೆಂ.ಮೀ. ಕೆಳಗಿಳಿದು ನಿಂತಿತು. ದಾರದ ಎಳೆತ ಎಷ್ಟು?

"ಎರಡು ಕಡೆ ಅಲ್ವಾ, ಒಂದೂವರೆ ಕಿಲೋ" ಅನ್ನುವವರೇ ಜಾಸ್ತಿ. ಇದು ಕೇಳಿದರೆ ನನಗೆ ತಡೆಯಲಾಗುವುದಿಲ್ಲ. ದಾರ ನೆಟ್ಟಗೆ ಮೇಲಕ್ಕೆ ಎಳೆಯುತ್ತಿಲ್ಲ, ಓರೆಯಾಗಿ ಎಳೆಯುತ್ತಿದೆ. ಅಡ್ಡ 40, ಕೆಳಕ್ಕೆ 30, ಹಾಗಾಗಿ ಓರೆ ಉದ್ದ 50. ಎಳೆತದ ಐದರಲ್ಲಿ ಮೂರು ಪಾಲು ಮಾತ್ರ ಭಾರ ಹೊರುತ್ತದೆ. ಅಡ್ಡಕ್ಕೆ ಬೀಳುವ ಜೋರು ಗೂಟಗಳನ್ನು ಒಳಕ್ಕೆ ಜಗ್ಗಲು ಹೋಗುತ್ತದೆ. ಲೆಕ್ಕ ಹಾಕಿ: ಒಂದೊಂದು ಕಡೆ ಎರಡೂವರೆ ಕಿಲೋ.

ಇನ್ನೊಂದು ಎಡವಟ್ಟು, ಇಳಿದದ್ದನ್ನೇ ಹಿಗ್ಗಿದ್ದು ಅಂದುಕೊಳ್ಳುವುದು. ಇಳಿದದ್ದು 30. ಎರಡು ಕಡೆಯ ಓರೆ ಸೇರಿ ದಾರ ಈಗ 100, ಹಿಗ್ಗಿದ್ದು 100ರಲ್ಲಿ 80 ಕಳೆದರೆ 20. ಇಂಗ್ಲಿಷ್ ವಿಜ್ಞಾನಿ ರಾಬರ್ಟ್ ಹುಕ್‌ನ ನಿಯಮಕ್ಕೆ ಬೇಕಾದದ್ದು ಈ 20. ಎಷ್ಟು ಹಿಗ್ಗಿದರೆ ಅಷ್ಟು ಎಳೆತ ಅನ್ನುವ ಈ ನಿಯಮವನ್ನು ಆತ 1676ರಲ್ಲಿ ಅಕ್ಷರ ಕಲಸಿ ಒಗಟಿನ ಹಾಗೆ ಅಚ್ಚು ಹಾಕಿಸಿದ, ಬಿಡಿಸಿ ಹೇಳಿದ್ದು 1678ರಲ್ಲಿ. ಬೇರೆಯವರು ತಮ್ಮದು ಅಂದುಬಿಟ್ಟಾರು ಅನ್ನುವ ಸಂಶಯದ ಮನುಷ್ಯ! ಇರಲಿ. ಕಾಲು ಭಾಗ ಹಿಗ್ಗಲು ಎರಡೂವರೆ ಕಿಲೋ ಬೇಕಾದರೆ, ಉದ್ದ ಎರಡರಷ್ಟಾಗಲು 10 ಕಿಲೋ. ಪುಸ್ತಕದಲ್ಲಿ ಲ್ಯಾಂಬ್ಡಾ ಅಂತ ಬರೆಯುವುದು ಇದನ್ನೇ. ನಿಜವಾದ ರಬ್ಬರ್ ಇಷ್ಟು ಸಾಧು ಅಲ್ಲ, ಆದರೆ ಲೆಕ್ಕಕ್ಕೆ ನಡೆಯುತ್ತದೆ.

ನನಗೆ ಮಜಾ ಅನ್ನಿಸುವುದು ಮುಂದಿನದು. ಕೊಪ್ಪೆ ತೆಗೆದು 10 ಗ್ರಾಂ ಕ್ಲಿಪ್ ಒಂದನ್ನು ಸಿಕ್ಕಿಸಿ. ದಾರದ ಸ್ವಂತ ತೂಕ ಬಿಟ್ಟರೂ ಮಧ್ಯಭಾಗ ಹೆಚ್ಚುಕಡಿಮೆ 4 ಸೆಂ.ಮೀ. ಇಳಿಯುತ್ತದೆ! ಅದೇ 80 ಗ್ರಾಂ ಒದ್ದೆ ಕರವಸ್ತ್ರ ಹಾಕಿದರೆ 8 ಸೆಂ.ಮೀ. ಭಾರ ಎಂಟರಷ್ಟು, ಇಳಿದದ್ದು ಬರೀ ಎರಡರಷ್ಟು. ಯಾಕೆ? ಇಳಿತ ಸಣ್ಣದಿರುವಾಗ ಅದು ಎರಡರಷ್ಟಾದರೆ ಹಿಗ್ಗುವುದು ನಾಲ್ಕರಷ್ಟು, ಎಳೆತವೂ ನಾಲ್ಕರಷ್ಟು. ಓರೆಯೂ ಎರಡರಷ್ಟು ಕಡಿದಾಗುತ್ತದೆ. ನಾಲ್ಕೆರಡ್ಲಿ ಎಂಟು. ಹುಕ್‌ನ ನಿಯಮ ನೇರವಾಗಿದ್ದರೂ ದಾರದ ಆಕಾರ ಅದನ್ನು ಘನಕ್ಕೆ, ಅಂದರೆ ಮೂರನೇ ಘಾತಕ್ಕೆ, ತಿರುಗಿಸಿಬಿಡುತ್ತದೆ.

ಅದೇ ದಾರದ 60 ಸೆಂ.ಮೀ. ತುಂಡನ್ನು ಎಳೆದು ಅದೇ ಗೂಟಗಳಿಗೆ ಬಿಗಿಯಿರಿ. ಭಾರ ಬೀಳುವ ಮೊದಲೇ ಮೂರು ಕಿಲೋಗಿಂತ ಜಾಸ್ತಿ ಎಳೆತ ಅದರಲ್ಲಿರುತ್ತದೆ. ಈಗ ಆ ಕ್ಲಿಪ್ಪಿಗೆ ಅದು ಒಂದು ಮಿಲಿಮೀಟರೂ ಬಗ್ಗುವುದಿಲ್ಲ.