ನಿಂತಲ್ಲೇ ಸವೆಯುವ ಕಾರು

ವರ್ಷಗಟ್ಟಲೆ ಮೂಲೆಯಲ್ಲಿ ನಿಂತ ಹಳೆಯ ಪುಟ್ಟ ಕಾರೊಂದು ಕೈಗೆ ಸಿಕ್ಕಿತು ಅಂದುಕೊಳ್ಳಿ. ಬಹಳಷ್ಟು ಜನ ಮೊದಲು ಮಾಡುವ ಕೆಲಸ ಒಂದೇ. ಹೊಸ ಬ್ಯಾಟರಿ ಹಾಕಿ ಸೆಲ್ಫ್ ಹೊಡೆಯುವುದು. ದಯವಿಟ್ಟು ಹಾಗೆ ಮಾಡಬೇಡಿ. ನಾನು ಒಮ್ಮೆ ಮಾಡಿದ್ದೆ. ಇಂಜಿನ್ ಅರ್ಧ ಸುತ್ತು ತಿರುಗಿತು, ಕರ್ರ್ ಎಂದಿತು, ನಿಂತಿತು. ಬಿಚ್ಚಿ ನೋಡಿದರೆ ಸಿಲಿಂಡರಿನ ಒಳಗೋಡೆಯಲ್ಲಿ ಉದ್ದಕ್ಕೂ ಗೀರು. ಗೋಡೆಗೆ ಹಿಡಿದಿದ್ದ ತುಕ್ಕನ್ನು ಪಿಸ್ಟನ್ ರಿಂಗು, ಅಂದರೆ ಸಿಲಿಂಡರಿನೊಳಗೆ ಆಡುವ ಪಿಸ್ಟನ್ನಿನ ಸುತ್ತಲಿನ ಲೋಹದ ಬಳೆ, ಎಳೆದಾಡಿತ್ತು. ಎಣ್ಣೆ ಬಿಟ್ಟು ಒಂದು ವಾರ ಕಾದಿದ್ದರೆ ಆ ಇಂಜಿನ್ ಬಹುಶಃ ಉಳಿಯುತ್ತಿತ್ತು.

ಓಡುವ ಕಾರು ಸವೆಯುತ್ತದೆ ಅಂತ ಎಲ್ಲರಿಗೂ ಗೊತ್ತು. ನಿಂತ ಕಾರೂ ಸವೆಯುತ್ತದೆ ಅನ್ನುವುದು ಅಷ್ಟಾಗಿ ತಲೆಗೆ ಹೋಗುವುದಿಲ್ಲ. ಓಡುತ್ತಿದ್ದರೆ ಲೋಹದ ಮೇಲಿನ ಎಣ್ಣೆಯ ಪದರ ದಿನಾ ಹೊಸದಾಗುತ್ತದೆ, ಬ್ಯಾಟರಿ ಚಾರ್ಜ್ ಆಗುತ್ತದೆ, ಒಳಗಿನ ತೇವ ಬಿಸಿಗೆ ಆರಿಹೋಗುತ್ತದೆ. ಕಾರು ನಿಂತ ದಿನದಿಂದ ಇವೆಲ್ಲ ಬಂದ್. ಗಾಳಿಯಲ್ಲಿರುವ ಆಮ್ಲಜನಕ ಮತ್ತು ನೀರು ಮಾತ್ರ ಹಗಲು ರಾತ್ರಿ ಕೆಲಸ ಮಾಡುತ್ತಲೇ ಇರುತ್ತವೆ. ಹಾಗಾಗಿ ಇಂಥ ಕಾರನ್ನು ಉಳಿಸುವುದು ಅಂದರೆ ಅದರ ಒಂದೊಂದು ಭಾಗದಲ್ಲಿ ಯಾವ ರಾಸಾಯನಿಕ ಕ್ರಿಯೆ ಎಲ್ಲಿವರೆಗೆ ಬಂದಿದೆ ಅಂತ ಮೊದಲು ತಿಳಿದುಕೊಳ್ಳುವುದು. ಕೀ ತಿರುಗಿಸುವ ಸರದಿ ಕೊನೆಗೆ ಬರುತ್ತದೆ.

ಈ ಕೆಲಸಕ್ಕೆ ಸಣ್ಣ, ಅಗ್ಗದ ಕಾರುಗಳೇ ಚೆನ್ನ. 1957ರ ಫಿಯೆಟ್ 500, 1959ರ ಮಿನಿ, 1983ರ ಮಾರುತಿ 800, ಇವೆಲ್ಲ ಕಡಿಮೆ ಖರ್ಚಿನಲ್ಲಿ ತಯಾರಾಗಬೇಕು ಅಂತಲೇ ಹುಟ್ಟಿದವು. ಎಲೆಕ್ಟ್ರಾನಿಕ್ಸ್ ಅಷ್ಟಾಗಿ ಇಲ್ಲ. ಪೆಟ್ರೋಲ್ ಕೊಡಲು ಕಾರ್ಬುರೇಟರ್. ನಾಲ್ಕಾರು ಸ್ಪ್ಯಾನರ್ ಇದ್ದರೆ ಅರ್ಧ ಕಾರು ಬಿಚ್ಚಬಹುದು. ಆದರೆ ಒಂದು ತೊಂದರೆ ಇದೆ. ಇವುಗಳಿಗೆ ಲಾರಿಯ ಹಾಗೆ ಬೇರೆಯಾದ ದಪ್ಪ ಚಾಸಿ ಇಲ್ಲ. ತೆಳು ತಗಡನ್ನು ಮಡಚಿ, ಬೆಸೆದು ಮಾಡಿದ ಬಾಡಿಯೇ ಕಾರಿನ ಎಲುಬು. ಬಾಗಿಲ ಕೆಳಗಿನ ಹೊಸ್ತಿಲಿನಂಥ ಟೊಳ್ಳು ಪಟ್ಟಿ ನೋಡಲು ಸುಮ್ನೆ ಅಂದಕ್ಕೆ ಇಟ್ಟಂತಿದೆ. ನಿಜವಾಗಿ ಕಾರಿನ ನಡು ಬಗ್ಗದಂತೆ ಹಿಡಿದಿರುವುದೇ ಅದು. ಅದು ತುಕ್ಕು ತಿಂದಿದ್ದರೆ ಇಂಜಿನ್ ಎಷ್ಟು ಚೆನ್ನಾಗಿದ್ದರೂ ಕಾರು ಅಪಾಯವೇ. ಅದಕ್ಕೇ ನಾನು ಬಾನೆಟ್ ಎತ್ತುವ ಮೊದಲು ನೆಲದ ಮೇಲೆ ಮಲಗಿ ಅಡಿ ನೋಡುತ್ತೇನೆ.

ತುಕ್ಕು ಎಲ್ಲಿ ಹುಡುಕಬೇಕು? ಇದಕ್ಕೆ ಉತ್ತರ ಒಂದು ಹನಿ ನೀರಿನಲ್ಲಿದೆ. 1920ರ ದಶಕದಲ್ಲಿ ಕೇಂಬ್ರಿಡ್ಜ್‌ನ ವಿಜ್ಞಾನಿ ಯು. ಆರ್. ಇವಾನ್ಸ್ ಅವರು ಮಾಡಿ ತೋರಿಸಿದ ಪ್ರಯೋಗ ಅದು, ಮನೆಯಲ್ಲೂ ಮಾಡಬಹುದು. ಕಬ್ಬಿಣದ ತಗಡೊಂದನ್ನು ಹೊಳೆಯುವಂತೆ ಉಜ್ಜಿ, ಮೇಲೆ ಒಂದು ದೊಡ್ಡ ಹನಿ ಉಪ್ಪುನೀರು ಬಿಡಿ. ಗಾಳಿ ಚೆನ್ನಾಗಿ ಸಿಗುವ ಅಂಚಿನಲ್ಲೇ ಕಬ್ಬಿಣ ಕರಗುತ್ತದೆ ಅಂತ ಅನಿಸುತ್ತದೆ ಅಲ್ವಾ? ಆಗುವುದು ಉಲ್ಟಾ. ಹನಿಯ ನಡುವೆ, ಆಮ್ಲಜನಕ ಕಡಿಮೆ ಇರುವ ಕಡೆ ಕಬ್ಬಿಣ ಕರಗುತ್ತದೆ. ಅಲ್ಲಿಂದ ಹೊರಟ ಎಲೆಕ್ಟ್ರಾನುಗಳು ತಗಡಿನ ಮೂಲಕವೇ ಅಂಚಿಗೆ ಹೋಗಿ ಅಲ್ಲಿನ ಆಮ್ಲಜನಕವನ್ನು ಸೇರುತ್ತವೆ. ನಡುವಿಗೂ ಅಂಚಿಗೂ ಮಧ್ಯೆ ಒಂದು ಕಂದು ಬಳೆ ಮೂಡುತ್ತದೆ. ಕಣ್ಣಿಗೆ ಕಾಣುವ ತುಕ್ಕು ಆ ಬಳೆಯಲ್ಲಿ. ಲೋಹ ಕಳೆದುಹೋಗುತ್ತಿರುವುದು ಅದರ ಪಕ್ಕದಲ್ಲಿ. ಒಂದು ಹನಿಯಲ್ಲಿ ಒಂದು ಪುಟ್ಟ ಬ್ಯಾಟರಿಯೇ ನಡೆಯುತ್ತಿರುತ್ತದೆ. ಉಪ್ಪು ಇದ್ದರೆ ನೀರಿನಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ, ಹಾಗಾಗಿ ಸಮುದ್ರದ ಗಾಳಿಯಲ್ಲಿ ತುಕ್ಕಿನ ವೇಗ ಜಾಸ್ತಿ.

ಇದನ್ನು ತಿಳಿದುಕೊಂಡು ಕಾರನ್ನು ನೋಡಿದರೆ ಕಣ್ಣು ಬೇರೆ ಜಾಗಕ್ಕೆ ಹೋಗುತ್ತದೆ. ಮಳೆ ಬಿದ್ದು ಆರುವ ಬಯಲು ತಗಡಿಗೆ ಅಷ್ಟು ಭಯವಿಲ್ಲ. ಮಣ್ಣು ಮೆತ್ತಿಕೊಂಡ ಚಕ್ರದ ಕಮಾನಿನ ಒಳಬದಿ, ಎರಡು ತಗಡು ಒಂದರ ಮೇಲೊಂದು ಕೂತ ಬೆಸುಗೆ, ಒದ್ದೆಯಾದ ಕಾರ್ಪೆಟ್ಟಿನ ಅಡಿ, ನೀರು ಇಳಿಯುವ ತೂತು ಕಸದಿಂದ ಮುಚ್ಚಿಹೋದ ಬಾಗಿಲ ತಳ. ತೇವ ಇದೆ, ಗಾಳಿ ಇಲ್ಲ. ಅಂಥ ಕಡೆಯೇ ತಗಡು ಕರಗುವುದು. ಇನ್ನೊಂದು ವಿಷಯ, ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ತೆಗೆದುಕೊಳ್ಳುತ್ತದೆ. ಅದಕ್ಕೇ ಪೇಂಟ್ ಉಬ್ಬುವುದು, ಬೆಸುಗೆ ಬಾಯಿ ಬಿಡುವುದು. ನಾಣ್ಯದಷ್ಟು ಗುಳ್ಳೆ ಕಂಡರೆ ಒಳಗೆ ಅಂಗೈಯಷ್ಟು ಹಾಳಾಗಿರಬಹುದು ಅಂತಲೇ ಲೆಕ್ಕ ಹಾಕಿ.

ಪರೀಕ್ಷೆಗೆ ಸ್ಕ್ರೂ ಡ್ರೈವರಿನ ಹಿಡಿ ಸಾಕು. ಹೊಸ್ತಿಲ ಪಟ್ಟಿಯ ಉದ್ದಕ್ಕೂ ಬೆರಳಗಲ ಬೆರಳಗಲಕ್ಕೆ ತಟ್ಟುತ್ತಾ ಹೋಗಿ. ಗಟ್ಟಿ ತಗಡು ಟಣ್ ಅನ್ನುತ್ತದೆ. ತುಕ್ಕು ತಿಂದ ಕಡೆ ಸದ್ದು ಸತ್ತು ಡಬ್ ಅನ್ನುತ್ತದೆ. ಒಳಗಿನಿಂದ ಪುಡಿ ಸುರಿಯುವ ಸರಸರ ಸದ್ದೂ ಕೇಳಬಹುದು. ಅಲ್ಲಿ ತುದಿಯಿಂದ ಮೆಲ್ಲಗೆ ಒತ್ತಿ. ತೂತು ಬಿದ್ದರೆ ಬೇಸರ ಬೇಡ, ಅದು ಮೊದಲೇ ತೂತಾಗಿತ್ತು, ಪೇಂಟ್ ಮುಚ್ಚಿಟ್ಟಿತ್ತು ಅಷ್ಟೆ.

ತೂತು ಬಿದ್ದ ಜಾಗಕ್ಕೆ ಒಂದೇ ಮದ್ದು. ಗಟ್ಟಿ ತಗಡು ಸಿಗುವ ತನಕ ಕತ್ತರಿಸಿ, ಹೊಸ ತಗಡು ಬೆಸೆಯಬೇಕು. ವೆಲ್ಡಿಂಗ್ ಬರದಿದ್ದರೆ ಇದನ್ನು ಟಿಂಕರಿಂಗ್ ಬಲ್ಲವರ ಕೈಗೆ ಕೊಡಿ. ತುಕ್ಕಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆಯುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಪುಟ್ಟಿ ತೇವ ಹೀರುತ್ತದೆ, ಗಾಳಿ ತಡೆಯುತ್ತದೆ. ಇವಾನ್ಸ್ ಹನಿಯ ನಡುಭಾಗವನ್ನು ನಾವೇ ಕೈಯಾರೆ ಮಾಡಿಟ್ಟಂತೆ.

ತೂತು ಬೀಳದೆ ಬರೀ ಮೇಲ್ಮೈ ತುಕ್ಕು ಇದ್ದರೆ ತಂತಿ ಬ್ರಷ್ಷಿನಿಂದ ಉಜ್ಜಿ ಫಾಸ್ಫಾರಿಕ್ ಆಮ್ಲ ಹಚ್ಚಬಹುದು. ತುಕ್ಕು ಕಬ್ಬಿಣದ ಫಾಸ್ಫೇಟ್ ಆಗಿ, ಪ್ರೈಮರ್ ಹಿಡಿಯುವ ಬೂದು ಪದರವಾಗುತ್ತದೆ. ಇನ್ನೊಂದು ದಾರಿ ಟ್ಯಾನಿಕ್ ಆಮ್ಲ. ಅದು ತುಕ್ಕಿನ ಜೊತೆ ಸೇರಿ ನೀಲಿಗಪ್ಪು ಬಣ್ಣದ ಗಟ್ಟಿ ವಸ್ತುವಾಗುತ್ತದೆ. ಹಿಂದಿನ ಕಾಲದವರು ಗಿಡದ ಕಾಯಿಯ ಒಗರು ಮತ್ತು ಕಬ್ಬಿಣದ ಲವಣ ಸೇರಿಸಿ ಬರೆಯುವ ಶಾಯಿ ಮಾಡುತ್ತಿದ್ದದ್ದೂ ಇದೇ ರಸಾಯನದಿಂದ. ಬ್ರಾಕೆಟ್ಟು, ಬೋಲ್ಟುಗಳಂಥ ಸಣ್ಣ ಭಾಗಗಳಿಗೆ ನನಗೆ ಇಷ್ಟವಾದ ವಿಧಾನ ವಿದ್ಯುದ್ವಿಭಜನೆ. ಪ್ಲಾಸ್ಟಿಕ್ ಬಕೆಟ್, ನೀರು, ವಾಷಿಂಗ್ ಸೋಡಾ, ಬ್ಯಾಟರಿ ಚಾರ್ಜರ್. ತುಕ್ಕು ಹಿಡಿದ ಭಾಗಕ್ಕೆ ಮೈನಸ್ ತಂತಿ, ಬೇಡದ ಕಬ್ಬಿಣದ ತುಂಡಿಗೆ ಪ್ಲಸ್ ತಂತಿ. ಎರಡೂ ಒಂದಕ್ಕೊಂದು ತಾಗಬಾರದು. ರಾತ್ರಿ ಕಳೆಯುವುದರೊಳಗೆ ತುಕ್ಕು ಸಡಿಲವಾಗಿ, ಕಪ್ಪು ಮಸಿಯ ಹಾಗೆ ಬ್ರಷ್ಷಿಗೆ ಬರುತ್ತದೆ. ಒಳ್ಳೆಯ ಲೋಹಕ್ಕೆ ಪೆಟ್ಟಿಲ್ಲ. ಎರಡು ಎಚ್ಚರಿಕೆ ಮರೆಯಬೇಡಿ. ಇದರಿಂದ ಹೈಡ್ರೋಜನ್ ಹೊರಬರುತ್ತದೆ, ಹಾಗಾಗಿ ಬಯಲಲ್ಲೇ ಮಾಡಿ, ಹತ್ತಿರ ಬೆಂಕಿ ಬೇಡ. ಪ್ಲಸ್ ಕಡೆಗೆ ಸ್ಟೇನ್‌ಲೆಸ್ ಸ್ಟೀಲ್ ಖಂಡಿತ ಬೇಡ, ಅದರ ಕ್ರೋಮಿಯಂ ವಿಷವಾಗಿ ನೀರಿಗೆ ಸೇರುತ್ತದೆ. ಹೊರತೆಗೆದ ಭಾಗವನ್ನು ತೊಳೆದು ಕೂಡಲೇ ಒಣಗಿಸಿ ಎಣ್ಣೆಯನ್ನೋ ಪ್ರೈಮರನ್ನೋ ಹಚ್ಚಿ. ಬೆತ್ತಲೆ ಕಬ್ಬಿಣ ಕಣ್ಣೆದುರೇ ಮತ್ತೆ ಕೆಂಪಾಗತೊಡಗುತ್ತದೆ.

ಈಗ ಇಂಜಿನ್. ನಿಂತ ಇಂಜಿನ್ನಿನಲ್ಲಿ ಸಾಮಾನ್ಯವಾಗಿ ಯಾವುದಾದರೂ ಒಂದು ವಾಲ್ವ್, ಅಂದರೆ ಸಿಲಿಂಡರಿಗೆ ಗಾಳಿ ಬರುವ ಅಥವಾ ಹೊಗೆ ಹೋಗುವ ಬಾಗಿಲು, ತೆರೆದೇ ಇರುತ್ತದೆ. ಆ ದಾರಿಯಲ್ಲಿ ತೇವದ ಗಾಳಿ ಒಳಗೆ ಬಂದು, ಆ ಸಿಲಿಂಡರಿನಲ್ಲಿ ರಿಂಗು ಮತ್ತು ಗೋಡೆಯ ನಡುವೆ ತುಕ್ಕು ಬೆಳೆಯುತ್ತದೆ. ಗ್ಯಾರೇಜಿನ ಭಾಷೆಯಲ್ಲಿ ಇಂಜಿನ್ ಸೀಜ್ ಆಗಿದೆ ಅನ್ನುತ್ತಾರೆ. ಕೆಲವೊಮ್ಮೆ ಬೇರೆ ಸಿಲಿಂಡರುಗಳೆಲ್ಲ ಚೆನ್ನಾಗಿದ್ದು, ಒಂದೇ ಒಂದು ಇಡೀ ಇಂಜಿನ್ನನ್ನು ಹಿಡಿದಿಟ್ಟಿರುತ್ತದೆ.

ಇಲ್ಲಿ ಬಲ ನಡೆಯುವುದಿಲ್ಲ, ಸಮಯ ನಡೆಯುತ್ತದೆ. ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ, ಪ್ರತಿ ಸಿಲಿಂಡರಿಗೂ ಒಂದೆರಡು ಚಮಚ ತೆಳು ಎಣ್ಣೆ ಬಿಡಿ. ಅಸಿಟೋನ್ ಮತ್ತು ಆಟೋಮ್ಯಾಟಿಕ್ ಗೇರಿನ ಎಣ್ಣೆಯನ್ನು ಸಮಪಾಲು ಬೆರೆಸಿ ಬಿಡುವವರೂ ಇದ್ದಾರೆ. ಅದಕ್ಕೆ ಬೆಂಕಿ ಬೇಗ ಹತ್ತುತ್ತದೆ, ಹುಷಾರು. ದೀಪದ ಬತ್ತಿ ಎಣ್ಣೆಯನ್ನು ಮೇಲೆಳೆಯುತ್ತದಲ್ಲ, ಹಾಗೇ ಕೂದಲಿಗಿಂತ ಕಿರಿದಾದ ಸಂದಿಗಳೂ ಎಣ್ಣೆಯನ್ನು ತಾವೇ ಎಳೆದುಕೊಳ್ಳುತ್ತವೆ. ಅದಕ್ಕೆ ದಿನಗಳು ಬೇಕು. ನಾಲ್ಕೈದು ದಿನ ಬಿಟ್ಟು, ಪಿಸ್ಟನ್ನುಗಳು ತಿರುಗಿಸುವ ದಂಡವಾದ ಕ್ರ್ಯಾಂಕ್ ತುದಿಯ ದೊಡ್ಡ ಬೋಲ್ಟಿಗೆ ಉದ್ದ ಹಿಡಿಯ ಸ್ಪ್ಯಾನರ್ ಹಾಕಿ. ಜೋರಾಗಿ ಎಳೆಯಬೇಡಿ. ಅಂಗೈಯಿಂದ ಒತ್ತಿ, ಬಿಡಿ. ಮತ್ತೆ ಒತ್ತಿ, ಬಿಡಿ. ಅಲುಗದಿದ್ದರೆ ಇನ್ನಷ್ಟು ಎಣ್ಣೆ, ಇನ್ನೆರಡು ದಿನ.

ನನ್ನ ಎರಡನೆಯ ಕಾರಿನಲ್ಲಿ ಹನ್ನೊಂದನೆಯ ದಿನ ಅದು ಬಿಟ್ಟುಕೊಟ್ಟಿತು. ಸದ್ದೇನೂ ಬರಲಿಲ್ಲ. ಕಬ್ಬಿಣದ ಆ ಹಟಮಾರಿ ಗಡಸುತನ ಹೋಗಿ, ಕೈಗೆ ಒಂದು ಮೆದು ಜಾರುವಿಕೆ ತಿಳಿಯಿತು. ಸ್ಪ್ಯಾನರಿನ ತುದಿ ಒಂದು ಅಕ್ಕಿಕಾಳಿನಷ್ಟು ಇಳಿದಿತ್ತು. ವಾಪಸ್ ತಂದೆ. ಮುಂದೆ ಎರಡು ಕಾಳಿನಷ್ಟು. ಅಲ್ಲಿಂದ ಹಿಂದೆ ಮುಂದೆ ಆಡಿಸುತ್ತಾ ಇಡೀ ಒಂದು ಸುತ್ತು ತರಲು ಒಂದು ಮಧ್ಯಾಹ್ನವೇ ಬೇಕಾಯಿತು. ಹಾಗೆ ತಿರುಗಿಸುವಾಗ ಗಟ್ಟಿಯಾಗಿ ಏನಾದರೂ ತಡೆದರೆ ಅಲ್ಲೇ ನಿಲ್ಲಿಸಬೇಕು. ವಾಲ್ವುಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಟೈಮಿಂಗ್ ಬೆಲ್ಟ್ ಹಲ್ಲು ಜಾರಿದ್ದರೆ ಕೆಲವು ಇಂಜಿನ್ನುಗಳಲ್ಲಿ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ. ಬೆಲ್ಟ್ ನೋಡಲು ಚೆನ್ನಾಗಿದ್ದರೂ ಬದಲಾಯಿಸಿ. ರಬ್ಬರಿಗೆ ಓಡಿದ ಕಿಲೋಮೀಟರಿನಷ್ಟೇ ಕಳೆದ ವರ್ಷಗಳೂ ಲೆಕ್ಕ.

ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದರೆ ವಾರ್ನಿಷ್ಷಿನಂಥ ಹುಳಿ ವಾಸನೆ ಬರುತ್ತದೆ. ಪೆಟ್ರೋಲ್ ಅನ್ನುವುದು ನೂರಾರು ಹೈಡ್ರೋಕಾರ್ಬನ್ನುಗಳ ಬೆರಕೆ. ಬೇಗ ಹೊತ್ತಿಕೊಳ್ಳುವ ಹಗುರವಾದವು ಮೊದಲು ಹಾರಿಹೋಗುತ್ತವೆ. ಉಳಿದವು ಆಮ್ಲಜನಕದ ಜೊತೆ ಸೇರಿ ಅಂಟಾಗುತ್ತವೆ. ಎಥನಾಲ್ ಬೆರೆತಿದ್ದರೆ ಅದು ಗಾಳಿಯ ತೇವ ಹೀರಿ, ನೀರು ಮಿತಿಮೀರಿದಾಗ ತಳಕ್ಕೆ ಬೇರೆಯೇ ಪದರವಾಗಿ ಇಳಿದು, ಟ್ಯಾಂಕನ್ನು ಒಳಗಿನಿಂದ ತಿನ್ನುತ್ತದೆ. ಹಳೆಯದನ್ನೆಲ್ಲ ತೆಗೆದು, ಟ್ಯಾಂಕ್ ತೊಳೆದು, ಕಾರ್ಬುರೇಟರ್ ಬಿಚ್ಚಿ. ಅದರಲ್ಲಿ ಪೆಟ್ರೋಲ್ ಹಾದುಹೋಗುವ ಜೆಟ್ಟಿನ ತೂತು ಸೂಜಿ ಮೊನೆಯಷ್ಟು, ಒಂದು ಚೂರು ಅಂಟು ಸಾಕು ಮುಚ್ಚಲು. ತಂತಿ ತೂರಿಸಿ ತೂತು ದೊಡ್ಡದು ಮಾಡಬೇಡಿ, ಕ್ಲೀನರ್ ಹಾಕಿ ಗಾಳಿ ಹೊಡೆಯಿರಿ. ಖಾಲಿ ಟ್ಯಾಂಕಿಗೆ ಮನೆಯಲ್ಲಿ ಎಂದೂ ಬೆಸುಗೆ ಹಾಕಬೇಡಿ. ಒಳಗೆ ಉಳಿದ ಆವಿ ಗಾಳಿಯ ಜೊತೆ ಬೆರೆತು, ತುಂಬಿದ ಟ್ಯಾಂಕಿಗಿಂತ ಭಯಂಕರವಾಗಿ ಸಿಡಿಯುತ್ತದೆ.

ಬ್ಯಾಟರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 1859ರಲ್ಲಿ ಗ್ಯಾಸ್ಟನ್ ಪ್ಲಾಂಟೆ ಕಂಡುಹಿಡಿದ ಸೀಸ ಮತ್ತು ಆಮ್ಲದ ಜೋಡಿಯೇ ಇಂದಿಗೂ ಇದೆ. ಚಾರ್ಜ್ ಇಳಿದು ಹಾಗೇ ಬಿಟ್ಟರೆ ಸೀಸದ ಸಲ್ಫೇಟ್ ದೊಡ್ಡ ಹರಳುಗಳಾಗಿ ಗಟ್ಟಿಯಾಗುತ್ತದೆ, ಮತ್ತೆ ಕರಗುವುದಿಲ್ಲ. ಹೊಸದೇ ತನ್ನಿ.

ಬ್ರೇಕಿಗೆ ಮಾತ್ರ ಯಾವ ರಾಜಿಯೂ ಬೇಡ. 700 ಕೆಜಿ ಕಾರು ಗಂಟೆಗೆ 60 ಕಿಮೀ ವೇಗದಿಂದ ಒಮ್ಮೆ ನಿಂತರೆ ಹುಟ್ಟುವ ಶಾಖ ಕಾಲು ಲೀಟರಿಗೂ ಜಾಸ್ತಿ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲದು. ಸಾಮಾನ್ಯ ಬ್ರೇಕ್ ಆಯಿಲ್ ಗಾಳಿಯಿಂದ ನೀರು ಹೀರುವ ದ್ರವ. ಡಾಟ್ 3 ದರ್ಜೆಯದು ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು. ಸುಮಾರು 3.7% ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ. ದ್ರವ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಪೆಡಲ್ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ದ್ರವ, ರಬ್ಬರ್ ಸೀಲು, ಹೋಸು ಎಲ್ಲವನ್ನೂ ಬದಲಾಯಿಸಿ, ಗಾಳಿ ಪೂರ್ತಿ ತೆಗೆಯಿರಿ. ಹಳೆಯ ಬ್ರೇಕ್ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಧೂಳು ಊದಬೇಡಿ, ಒದ್ದೆ ಮಾಡಿ ಒರೆಸಿ. ಕಾರಿನ ಅಡಿಗೆ ಹೋಗುವಾಗ ಬರೀ ಜಾಕ್ ನಂಬಬೇಡಿ, ಗಟ್ಟಿ ಸ್ಟ್ಯಾಂಡ್ ಇರಲೇಬೇಕು.

ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2314 ಅಂದರೆ 2014ರ 23ನೇ ವಾರ ತಯಾರಾದದ್ದು. ರಬ್ಬರನ್ನು ಓಝೋನಿನಿಂದ ಕಾಪಾಡುವ ಮೇಣ, ಟಯರ್ ಓಡಿ ಬಳುಕುವಾಗ ಮೇಲಕ್ಕೆ ಬರುತ್ತದೆ. ನಿಂತ ಟಯರಿಗೆ ಆ ಕಾಪು ಇಲ್ಲ. ಬಿರುಕು ಕಂಡರೆ ಬಟನ್ ಎಷ್ಟೇ ಉಳಿದಿದ್ದರೂ ಬಿಟ್ಟುಬಿಡಿ.

ಇಷ್ಟೆಲ್ಲ ಆದ ಮೇಲೆ ಕೀ. ಹೊಸ ಇಂಜಿನ್ ಆಯಿಲ್, ಹೊಸ ಫಿಲ್ಟರ್ ಹಾಕಿ. ಇಗ್ನಿಷನ್ ತಂತಿ ಕಳಚಿಟ್ಟು, ಪ್ಲಗ್ ಇಲ್ಲದೆಯೇ ಸ್ವಲ್ಪ ಸ್ವಲ್ಪ ಹೊತ್ತು ಸೆಲ್ಫ್ ಹೊಡೆಯಿರಿ. ಒತ್ತಡ ಇಲ್ಲದ ಕಾರಣ ಇಂಜಿನ್ ಹಗುರವಾಗಿ ತಿರುಗುತ್ತದೆ, ಪಂಪು ಎಣ್ಣೆಯನ್ನು ಬೇರಿಂಗುಗಳಿಗೆ ತಲುಪಿಸುತ್ತದೆ. ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪ ಆರಿದರೆ ಎಣ್ಣೆ ಮುಟ್ಟಿತು ಅಂತ ಲೆಕ್ಕ. ಆಮೇಲೆ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ.

ಮೊದಲು ಗಮ್ಮೆಂದು ಹೊಗೆ ಬರುತ್ತದೆ, ಸಿಲಿಂಡರಿಗೆ ನಾವೇ ಬಿಟ್ಟ ಎಣ್ಣೆ ಸುಡುತ್ತಿದೆ. ಹೊಗೆ ತಿಳಿಯಾದ ಮೇಲೆ ಸೈಲೆನ್ಸರ್ ತುದಿಯಲ್ಲಿ ನೀರು ತೊಟ್ಟಿಕ್ಕುತ್ತದೆ. ಗಾಬರಿ ಬೇಡ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರೇ ಹುಟ್ಟುತ್ತದೆ, ಪೆಟ್ರೋಲಿನ ಹೈಡ್ರೋಜನ್ ಗಾಳಿಯ ಆಮ್ಲಜನಕ ಸೇರಿ. ಬಿಸಿ ಇಂಜಿನ್ನಿನಿಂದ ಅದು ಆವಿಯಾಗಿ ಹೋಗುತ್ತದೆ. ತಣ್ಣಗಿದ್ದರೆ ಸೈಲೆನ್ಸರಿನಲ್ಲೂ ಎಣ್ಣೆಯಲ್ಲೂ ಉಳಿದು, ಮತ್ತೆ ತುಕ್ಕಿಗೆ ದಾರಿ. ಸ್ಟಾರ್ಟ್ ಆದ ಖುಷಿಗೆ ಐದು ನಿಮಿಷ ಓಡಿಸಿ ಆಫ್ ಮಾಡಬೇಡಿ. ಬಯಲಲ್ಲಿ ನಿಲ್ಲಿಸಿ, ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿಟ್ಟು, ಸೈಲೆನ್ಸರ್ ತುದಿಯ ಹನಿ ಪೂರ್ತಿ ನಿಂತು, ಕೊಳವೆ ಒಣಗುವ ತನಕ ಓಡಲು ಬಿಡಿ.